ಮದ್ದಿಗೂ ಒಂದು ಅಳತೆಯುಂಟು

ಭೌತವಿಜ್ಞಾನವನ್ನು ಬೋಧಿಸುವವರು ಔಷಧಗಳ ವಿಷಯದಲ್ಲಿ ಲೇಖನಿಯನ್ನೆತ್ತುವುದು ಅಧಿಕಪ್ರಸಂಗವೆಂದು ಕೆಲವು ವಾಚಕರಿಗೆ ತೋರಬಹುದು. ರೋಗವನ್ನು ಗುರುತಿಸುವುದಾಗಲಿ, ಅದಕ್ಕೆ ಚಿಕಿತ್ಸೆಯನ್ನು ಸೂಚಿಸುವುದಾಗಲಿ ನಮ್ಮ ಕೆಲಸವಲ್ಲ. ಅದನ್ನು ಇಲ್ಲಿ ಮಾಡಲು ನಾವು ಹೊರಟೂ ಇಲ್ಲ. ಆದರೆ ಔಷಧವೆಂಬುದು ದೇಹವನ್ನು ಹೊಕ್ಕ ಮೇಲೆ ತೂಕ, ಕಾಲ, ಸಾಂದ್ರತೆ ಎಂಬ ಮೂರು ಸಂಗತಿಗಳಿಗೆ ಅಧೀನವಾಗಿ ನಡೆಯುವ ವಸ್ತು. ಈ ಮೂರೂ ನಮ್ಮ ಪ್ರಯೋಗಶಾಲೆಯ ನಿತ್ಯದ ಮಾತುಗಳು. ಅಳೆಯುವ ವಿದ್ಯೆಯನ್ನು ಕಲಿಸುವವರು, ಅಳತೆಯಿಲ್ಲದೆ ನುಂಗಲಾಗುತ್ತಿರುವ ಪದಾರ್ಥವೊಂದನ್ನು ದಿನವೂ ಕಣ್ಣಾರೆ ಕಾಣುತ್ತ ಸುಮ್ಮನಿರುವುದು ಸರಿಯಲ್ಲವೆಂದು ತೋರಿದ್ದರಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಾವು ವಾಸವಾಗಿರುವ ಮನಗೂಳಿಯು ಬಸವನ ಬಾಗೇವಾಡಿ ತಾಲ್ಲೂಕಿನ ಊರು. ಕಳೆದ ಮಳೆಗಾಲದಲ್ಲಿ ಇಲ್ಲಿಯ ಬಸ್ ನಿಲ್ದಾಣದಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನ ತಂದೆಯು ಭೆಟ್ಟಿಯಾದರು. ಹುಡುಗನು ನಾಲ್ಕು ದಿನಗಳಿಂದ ತರಗತಿಗೆ ಬಂದಿರಲಿಲ್ಲ. ಕಾರಣವನ್ನು ಕೇಳಿದೆವು.

“ಜ್ವರ ಬಂದಿದ್ವು ನೋಡ್ರಿ ಸರ. ದವಾಖಾನಿಗೆ ಒಯ್ದು ಒಂದು ಸೂಜಿ ಮಾಡಿಸಿ, ಸಲಾಯಿನ್ ಹಚ್ಚಿಸಿದೆ. ಈಗ ಆರಾಮ ಆಗ್ಯಾನ್ರಿ,” ಎಂದರು.

ಮಾತನಾಡುತ್ತಲೇ ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ತೋರಿಸಿದರು. ಅದರಲ್ಲಿ ನಾಲ್ಕು ಬಗೆಯ ಬಿಡಿ ಗುಳಿಗೆಗಳಿದ್ದವು. ಯಾವುದಕ್ಕೂ ಹೆಸರಿನ ಪಟ್ಟಿಯಿರಲಿಲ್ಲ.

“ಇವು ಯಾತರ ಗುಳಿಗಿ, ಕಾಕಾ?”

“ಹೆಸರು ನಮಗೇನ್ ಗೊತ್ತಾಗ್ತದರಿ? ಕೆಂಪನ್ನವು ಮುಂಜಾನಿಗೆ, ಬಿಳೇವು ಸಂಜಿಗೆ ಅಂತ ಹೇಳ್ಯಾರ. ಹುಡುಗ ಎರಡು ದಿನಕ್ಕ ನೆಟ್ಟಗಾದ. ಉಳಿದದ್ದು ಸಣ್ಣಾಕಿಗೆ ಬೇಕಾಗ್ತಾವಂತ ಇಟ್ಟೀನ್ರಿ.”

ಈ ಚಿಕಿತ್ಸೆಗೆ ಅವರ ಮೂರು ದಿನದ ಕೂಲಿಯು ಖರ್ಚಾಗಿತ್ತು. ಹುಡುಗನಿಗೆ ಬಂದಿದ್ದ ಜ್ವರವು ಯಾವುದು, ಸೂಜಿಯಲ್ಲಿದ್ದ ಮದ್ದು ಯಾವುದು, ಉಳಿದ ಗುಳಿಗೆಗಳು ಯಾವುವು — ಈ ಮೂರರಲ್ಲಿ ಒಂದೂ ಅವರಿಗೆ ತಿಳಿದಿರಲಿಲ್ಲ. ತಿಳಿಸುವ ಕಷ್ಟವನ್ನೂ ಯಾರೂ ತೆಗೆದುಕೊಂಡಿರಲಿಲ್ಲ.

ವಾಚಕರು ಆ ತಂದೆಯನ್ನು ಕಂಡು ನಗಬಾರದು. ಸ್ನಾತಕೋತ್ತರ ಪದವಿಯನ್ನು ಪಡೆದ ನಾವೇ ಹಿಂದಿನ ಚಳಿಗಾಲದಲ್ಲಿ ಬರಿಯ ನೆಗಡಿಗೆ ಅಂಗಡಿಯಿಂದ ಪ್ರತಿಜೈವಿಕದ, ಅಂದರೆ ಎಲ್ಲರೂ ಆಂಟಿಬಯೋಟಿಕ್ ಎನ್ನುವ ಮದ್ದಿನ, ಗುಳಿಗೆಗಳನ್ನು ತಂದು ಎರಡು ದಿನ ನುಂಗಿ, ಮೂಗು ಹಗುರಾದೊಡನೆ ಉಳಿದುದನ್ನು ಕಪಾಟಿನಲ್ಲಿಟ್ಟೆವು. ಅವರ ಜೇಬಿನ ಪೊಟ್ಟಣಕ್ಕೂ ನಮ್ಮ ಕಪಾಟಿನ ಪಟ್ಟಿಗೂ ಹೆಚ್ಚಿನ ಭೇದವಿಲ್ಲ.

ವಿವೇಕದ ಬಳಕೆ ಎಂದರೇನು?

1985ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕೆನ್ಯಾ ದೇಶದ ನೈರೋಬಿಯಲ್ಲಿ ತಜ್ಞರ ಸಮ್ಮೇಳನವೊಂದನ್ನು ಕರೆಯಿತು. ಔಷಧಗಳ ವಿವೇಕಯುತ ಬಳಕೆ ಎಂದರೇನೆಂಬುದು ಅಲ್ಲಿ ನಿರ್ಧಾರವಾಯಿತು. ಅದರ ಸಾರವು ನಾಲ್ಕು ಮಾತುಗಳಲ್ಲಿ ಅಡಗಿದೆ: ರೋಗಿಯ ನಿಜವಾದ ಅಗತ್ಯಕ್ಕೆ ತಕ್ಕ ಔಷಧ, ಆತನ ದೇಹಕ್ಕೆ ಒಪ್ಪುವ ಪ್ರಮಾಣ, ಸಾಕಾಗುವಷ್ಟು ಕಾಲ, ಆತನಿಗೂ ಸಮಾಜಕ್ಕೂ ಅತ್ಯಂತ ಕಡಿಮೆಯಾದ ವೆಚ್ಚ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಬಳಕೆಯು ವಿವೇಕದ್ದಲ್ಲ.

ಕೇಳುವುದಕ್ಕೆ ಇದು ಸುಲಭವಾಗಿ ತೋರುತ್ತದೆ. ಆದರೆ ಜಗತ್ತಿನಲ್ಲಿ ಬರೆದುಕೊಡುವ, ಕೊಡುವ ಅಥವಾ ಮಾರುವ ಔಷಧಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಅನುಚಿತ ರೀತಿಯಲ್ಲಿ ಸಲ್ಲುತ್ತವೆಂದೂ, ರೋಗಿಗಳಲ್ಲಿ ಅರ್ಧದಷ್ಟು ಮಂದಿ ಅವನ್ನು ಸರಿಯಾಗಿ ಸೇವಿಸುವುದಿಲ್ಲವೆಂದೂ ಅದೇ ಸಂಸ್ಥೆಯು ಅಂದಾಜು ಮಾಡಿದೆ. ಬಡ ದೇಶಗಳಲ್ಲಿ ಈ ದೋಷಕ್ಕೆ ವಿಚಿತ್ರವಾದ ಎರಡು ಮುಖಗಳುಂಟು. ಒಬ್ಬನಿಗೆ ಬೇಡವಾದ ಮದ್ದು ಹೇರಳವಾಗಿ ಸಿಕ್ಕುತ್ತಿರುವ ಊರಿನಲ್ಲಿಯೇ ಇನ್ನೊಬ್ಬನಿಗೆ ಜೀವವನ್ನುಳಿಸುವ ಮದ್ದು ಸಿಕ್ಕುವುದಿಲ್ಲ. ಅತಿಯೂ ಕೊರತೆಯೂ ಒಂದೇ ಬೀದಿಯಲ್ಲಿ ಅಕ್ಕಪಕ್ಕದ ಮನೆಗಳಲ್ಲಿ ವಾಸವಾಗಿರುತ್ತವೆ.

ಬಾಟಲಿಯೊಳಗಿನ ಲೆಕ್ಕ

ನಮ್ಮ ಭಾಗದಲ್ಲಿ ಅಶಕ್ತತೆಗೆ ಎಲ್ಲರೂ ಬಯಸುವ ಪರಿಹಾರವೆಂದರೆ ಸಲಾಯಿನ್. ಕೊಕ್ಕೆಗೆ ತೂಗುಹಾಕಿದ ಬಾಟಲಿಯಿಂದ ಹನಿಹನಿಯಾಗಿ ಇಳಿಯುವ ನೀರನ್ನು ನೋಡುವಾಗ, ದೇಹಕ್ಕೆ ಶಕ್ತಿಯೇ ಇಳಿದು ಬರುತ್ತಿದೆಯೆಂಬ ಭಾವನೆ ರೋಗಿಗೂ ಮನೆಯವರಿಗೂ ಉಂಟಾಗುವುದು ಸಹಜ. ಆ ಬಾಟಲಿಯಲ್ಲಿ ಏನಿದೆಯೆಂಬುದನ್ನು ಒಮ್ಮೆ ಲೆಕ್ಕ ಹಾಕೋಣ.

ಸಾಮಾನ್ಯ ಸಲಾಯಿನ್ ಎಂದರೆ ನೂರು ಮಿಲಿಲೀಟರಿಗೆ 0.9 ಗ್ರಾಂ ಅಡಿಗೆಯ ಉಪ್ಪನ್ನು ಕರಗಿಸಿದ ಶುದ್ಧ ನೀರು. ಅರ್ಧ ಲೀಟರಿನ ಬಾಟಲಿಯಲ್ಲಿ ಉಪ್ಪಿನ ಪ್ರಮಾಣವು 4.5 ಗ್ರಾಂ, ಒಂದು ಚಹಾ ಚಮಚಕ್ಕೂ ಕಡಿಮೆ. ಅದರಲ್ಲಿರುವ ಆಹಾರಶಕ್ತಿಯು ಸೊನ್ನೆ. ಇನ್ನೊಂದು ಬಗೆಯ ಬಾಟಲಿಯಲ್ಲಿ ನೂರಕ್ಕೆ ಐದರಂತೆ ಗ್ಲುಕೋಸ್ ಇರುತ್ತದೆ. ಅರ್ಧ ಲೀಟರಿನಲ್ಲಿ 25 ಗ್ರಾಂ ಆಯಿತು. ಅದರಿಂದ ದೊರೆಯುವ ಶಕ್ತಿಯು ನೂರು ಕಿಲೋಕ್ಯಾಲರಿಯನ್ನು ಮೀರುವುದಿಲ್ಲ. ಐವತ್ತು ಗ್ರಾಂ ಹಿಟ್ಟಿನಿಂದ ತಟ್ಟಿದ ಒಂದು ಜೋಳದ ರೊಟ್ಟಿಯು ಇದಕ್ಕಿಂತ ಹೆಚ್ಚಿನ ಶಕ್ತಿಯನ್ನು ಕೊಡುತ್ತದೆ. ಜೊತೆಗೆ ಸಸಾರಜನಕವನ್ನೂ ಕಬ್ಬಿಣವನ್ನೂ ಕೊಡುತ್ತದೆ. ಉಣ್ಣಬಲ್ಲ ಮನುಷ್ಯನೊಬ್ಬನು ಒಂದು ದಿನದ ಕೂಲಿಗೂ ಮಿಕ್ಕ ಹಣವನ್ನು ತೆತ್ತು ನರದ ಮೂಲಕ ಅರ್ಧ ರೊಟ್ಟಿಯಷ್ಟನ್ನು ಪಡೆಯುವುದು ಯಾವ ಲೆಕ್ಕದಲ್ಲಿ ಲಾಭವೆಂಬುದನ್ನು ವಾಚಕರೇ ಹೇಳಬೇಕು.

ಸಲಾಯಿನ್ ನಿರರ್ಥಕವೆಂದು ಇದರ ಅರ್ಥವಲ್ಲ. ಬಾಯಿಂದ ನೀರನ್ನು ಸೇವಿಸಲಾರದಷ್ಟು ನಿತ್ರಾಣಗೊಂಡವನಿಗೆ, ತೀವ್ರವಾದ ವಾಂತಿಭೇದಿಯಿಂದ ದೇಹದ ನೀರು ಬತ್ತಿಹೋದವನಿಗೆ, ಶಸ್ತ್ರಚಿಕಿತ್ಸೆಗೆ ಒಳಗಾದವನಿಗೆ ಅದು ಪ್ರಾಣದಾಯಕ. ಪ್ರಾಣದಾಯಕವಾದುದನ್ನು ಟಾನಿಕ್ಕಿನಂತೆ ಮಾರುವುದಕ್ಕೆ ಮಾತ್ರ ನಮ್ಮ ಆಕ್ಷೇಪಣೆ.

ಭೇದಿಯ ವಿಷಯದಲ್ಲಂತೂ ವಿಜ್ಞಾನವು ಇದಕ್ಕಿಂತ ಸುಲಭವಾದ ದಾರಿಯನ್ನು ತೋರಿಸಿದೆ. ಸಣ್ಣ ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲುಕೋಸ್ ಜೊತೆಜೊತೆಯಾಗಿಯೇ ಒಳಕ್ಕೆ ಸಾಗುವ ಬಾಗಿಲುಗಳುಂಟು. ಭೇದಿಯ ಸಮಯದಲ್ಲಿಯೂ ಈ ಬಾಗಿಲುಗಳು ಬಹುಮಟ್ಟಿಗೆ ಕೆಲಸ ಮಾಡುತ್ತಿರುತ್ತವೆ. ಎರಡೂ ಒಳಗೆ ಸಾಗಿದರೆ ಅವುಗಳ ಹಿಂದೆ ನೀರು ತಾನಾಗಿಯೇ ಹೋಗುತ್ತದೆ. 1971ರಲ್ಲಿ ಬಂಗಾಲದ ನಿರಾಶ್ರಿತರು ಗಡಿಯ ಬನಗಾಂವ್ ಶಿಬಿರಕ್ಕೆ ಬಂದು ತುಂಬಿದಾಗ ಅಲ್ಲಿ ಕಾಲರಾ ಹಬ್ಬಿತು. ಸಲಾಯಿನ್ ಬಾಟಲಿಗಳು ಮುಗಿಯುತ್ತ ಬಂದವು. ಆಗ ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಗ್ಲುಕೋಸ್ ಮತ್ತು ಅಡಿಗೆ ಸೋಡಾ ಬೆರೆಸಿದ ನೀರನ್ನು ಡಬ್ಬಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವಿನ ಪ್ರಮಾಣವು ನಾಲ್ಕಕ್ಕಿಂತ ಕೆಳಗಿಳಿಯಿತು. ಈಗ ಓಆರ್‌ಎಸ್ ಎಂಬ ಹೆಸರಿನಿಂದ ದೊರೆಯುವ ಪುಡಿಯು ಇದರ ಸುಧಾರಿಸಿದ ರೂಪವೇ.

ಇಲ್ಲಿಯೂ ಅಳತೆಯು ಮುಖ್ಯ. ಒಂದು ಲೀಟರ್ ನೀರಿಗೆ 20.5 ಗ್ರಾಂ ಪುಡಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ. ಪೊಟ್ಟಣದ ಮೇಲೆ ಬರೆದಷ್ಟು ನೀರಿಗೇ ಇಡೀ ಪುಡಿಯನ್ನು ಹಾಕಬೇಕಲ್ಲದೆ, ಗಟ್ಟಿಯಾದರೆ ಹೆಚ್ಚು ಗುಣವೆಂದು ನೀರನ್ನು ಕಡಿಮೆ ಮಾಡಿದರೆ ಮಗುವಿಗೆ ಅಪಾಯ. ಸೂತ್ರಕ್ಕೆ ಹೊಂದದ ಸಿಹಿ ಪಾನೀಯಗಳು ಇದೇ ಹೆಸರನ್ನು ಹೊತ್ತು ಅಂಗಡಿಗಳಲ್ಲಿ ಬಹುಕಾಲ ಕುಳಿತಿದ್ದವು. 2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು ಆ ಹೆಸರಿನ ಬಳಕೆಯನ್ನು ಅವುಗಳಿಗೆ ನಿಷೇಧಿಸಿತು.

ಇನ್ನು ಸೂಜಿ. ಬಾಯಿಂದ ಕೊಡಬಹುದಾದ ಮದ್ದನ್ನು ಚರ್ಮವನ್ನು ಚುಚ್ಚಿ ಕೊಡುವುದರಿಂದ ಗುಣವು ಹೆಚ್ಚುವುದೆಂಬುದು ಬಹುತೇಕ ಸಂದರ್ಭಗಳಲ್ಲಿ ಭ್ರಮೆ. ಅಪಾಯವು ಮಾತ್ರ ಹೆಚ್ಚುವುದು ನಿಜ. 2009ರಲ್ಲಿ ಗುಜರಾತಿನ ಮೋಡಾಸಾ ಪಟ್ಟಣದಲ್ಲಿ ಹೆಪಟೈಟಿಸ್-ಬಿ ಎಂಬ ಯಕೃತ್ತಿನ ರೋಗವು ಹಬ್ಬಿ ಹಲವು ಹತ್ತು ಮಂದಿ ಪ್ರಾಣವನ್ನು ಕಳೆದುಕೊಂಡರು. ಒಮ್ಮೆ ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದು ಅದಕ್ಕೆ ಕಾರಣವೆಂದು ಕಂಡುಬಂದಿತು.

ಅರ್ಧಾಯುಷ್ಯದ ಪಾಠ

ವಿಕಿರಣಪಟು ಧಾತುಗಳ ಅರ್ಧಾಯುಷ್ಯವನ್ನು ನಮ್ಮ ವಿದ್ಯಾರ್ಥಿಗಳು ಓದಿರುತ್ತಾರೆ. ಇಷ್ಟು ಕಾಲದಲ್ಲಿ ಅರ್ಧ, ಮತ್ತೆ ಅಷ್ಟೇ ಕಾಲದಲ್ಲಿ ಉಳಿದುದರ ಅರ್ಧ, ಹೀಗೆ ಪದಾರ್ಥವು ಕ್ಷಯಿಸುತ್ತ ಹೋಗುತ್ತದೆ. ರಕ್ತದಲ್ಲಿ ಸೇರಿದ ಔಷಧಗಳಲ್ಲಿ ಬಹುಪಾಲಿನವು ಹೆಚ್ಚು ಕಡಿಮೆ ಇದೇ ನಿಯಮವನ್ನು ಅನುಸರಿಸುತ್ತವೆ. ಯಕೃತ್ತು ಮತ್ತು ಮೂತ್ರಪಿಂಡಗಳು ಅವನ್ನು ಸತತವಾಗಿ ಹೊರಹಾಕುತ್ತಿರುತ್ತವೆ. ದೇಹವನ್ನು ತಳದಲ್ಲಿ ತೂತಿರುವ ಕೊಡವೆಂದು ಭಾವಿಸಬಹುದು. ಕೊಡದಲ್ಲಿ ನೀರು ಒಂದು ಗೆರೆಗಿಂತ ಕೆಳಗೆ ಇಳಿಯಬಾರದು. ಇನ್ನೊಂದು ಗೆರೆಯನ್ನು ಮೀರಲೂಬಾರದು. ಕೆಳಗಿನ ಗೆರೆಯ ಕೆಳಗೆ ಔಷಧವು ನಿಷ್ಫಲ. ಮೇಲಿನ ಗೆರೆಯ ಮೇಲೆ ಅದು ವಿಷ.

ಅಮಾಕ್ಸಿಸಿಲಿನ್ ಎಂಬ ಪ್ರತಿಜೈವಿಕದ ಅರ್ಧಾಯುಷ್ಯವು ಸುಮಾರು ಒಂದು ತಾಸು. ಎಂಟು ತಾಸುಗಳಲ್ಲಿ ಅದು ಎಂಟು ಬಾರಿ ಅರ್ಧವಾಗಿ 256ರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಆದುದರಿಂದಲೇ ಅದನ್ನು ದಿನಕ್ಕೆ ಹಲವು ಬಾರಿ ಕೊಡುತ್ತಾರೆ. ಅಜಿಥ್ರೋಮೈಸಿನ್ ಎಂಬ ಇನ್ನೊಂದರ ಅರ್ಧಾಯುಷ್ಯವು ಅರವತ್ತು ತಾಸುಗಳಿಗೂ ಹೆಚ್ಚು; ಅದಕ್ಕೆ ದಿನಕ್ಕೊಂದು ಗುಳಿಗೆ ಸಾಕು. ‘ದಿನಕ್ಕೆ ಮೂರು ಸಲ’ ಎಂದು ವೈದ್ಯರು ಬರೆದುದು ಊಟದ ಸಂಖ್ಯೆಯನ್ನು ನೋಡಿ ಅಲ್ಲ. ಅದರ ಹಿಂದೆ ಈ ಗಣಿತವಿದೆ. ನಡುವಿನ ಗುಳಿಗೆಯನ್ನು ಮರೆತು ರಾತ್ರಿ ಎರಡನ್ನು ಒಟ್ಟಿಗೆ ನುಂಗುವವನು ಎರಡು ಗೆರೆಗಳನ್ನೂ ಉಲ್ಲಂಘಿಸುತ್ತಾನೆ.

ಈಗ ರೋಗಾಣುಗಳ ಗಣಿತವನ್ನು ನೋಡೋಣ. ಅನುಕೂಲವಾದ ಪರಿಸ್ಥಿತಿಯಲ್ಲಿ ಕೆಲವು ಬ್ಯಾಕ್ಟೀರಿಯಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತವೆ. ಹತ್ತು ತಾಸುಗಳಲ್ಲಿ ಮೂವತ್ತು ಸಲ ದ್ವಿಗುಣಗೊಂಡರೆ ಒಂದು ಬ್ಯಾಕ್ಟೀರಿಯದಿಂದ ನೂರೇಳು ಕೋಟಿ! ಇಷ್ಟೊಂದು ಸಂತತಿಯಲ್ಲಿ ಔಷಧವನ್ನು ತಾಳಿಕೊಳ್ಳುವ ಗುಣವುಳ್ಳವು ಒಂದೆರಡು ಹುಟ್ಟುವುದು ಆಶ್ಚರ್ಯವಲ್ಲ. ಔಷಧವು ಅರೆಬರೆಯಾದಾಗ ದುರ್ಬಲವಾದವು ಸಾಯುತ್ತವೆ. ತಾಳಿಕೊಂಡವು ಉಳಿದು ಬೆಳೆಯುತ್ತವೆ. 1928ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು 1945ರಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿದಾಗ ಮಾಡಿದ ಭಾಷಣದಲ್ಲಿಯೇ ಈ ಎಚ್ಚರಿಕೆಯನ್ನು ಕೊಟ್ಟಿದ್ದರು. ಅಜ್ಞಾನದಿಂದ ಕಡಿಮೆ ಪ್ರಮಾಣವನ್ನು ಸೇವಿಸುವವನು ರೋಗಾಣುಗಳಿಗೆ ಪ್ರತಿರೋಧವನ್ನು ಕಲಿಸಿಕೊಡುತ್ತಾನೆಂದು ಅವರು ಹೇಳಿದರು. ಆ ಮಾತು ನಿಜವಾಗಿದೆ. 2019ನೆಯ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳು ನೇರವಾಗಿ ಸುಮಾರು 12 ಲಕ್ಷ 70 ಸಾವಿರ ಮಂದಿಯ ಸಾವಿಗೆ ಕಾರಣವಾದುವೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ.

ಹಾಗೆಂದು ಹೆಚ್ಚು ದಿನ ನುಂಗಿದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ ಅವಶ್ಯ. ಕೆಲವು ಸೋಂಕುಗಳಿಗೆ ಮೂರು ದಿನಗಳೇ ಸಾಕು. ನೆಗಡಿ ಮತ್ತು ಸಾಮಾನ್ಯ ಫ್ಲೂ ವೈರಸ್ಸುಗಳಿಂದ ಬರುವಂಥವು. ಅವುಗಳ ಮೇಲೆ ಪ್ರತಿಜೈವಿಕಗಳು ಒಂದು ದಿನವೂ ಕೆಲಸ ಮಾಡುವುದಿಲ್ಲ. ನಮ್ಮ ನೆಗಡಿಯು ಎರಡು ದಿನಗಳಲ್ಲಿ ಹಗುರಾದುದು ಗುಳಿಗೆಯಿಂದಲ್ಲ, ಅದು ತಾನಾಗಿಯೇ ಹೋಗುವ ರೋಗವಾದುದರಿಂದ. ಗುಳಿಗೆಗೆ ಅನರ್ಹವಾದ ಕೀರ್ತಿ ಬಂದಿತು, ಅಷ್ಟೆ.

ಬೇಕಾದವು ಎಷ್ಟು, ಮಾರುವವು ಎಷ್ಟು?

ಒಂದು ದೇಶದ ಆರೋಗ್ಯಕ್ಕೆ ಎಷ್ಟು ಔಷಧಗಳು ಬೇಕು? 1975ರಲ್ಲಿ ವರದಿಯನ್ನು ಸಲ್ಲಿಸಿದ ಜಯಸುಖಲಾಲ್ ಹಾಥಿಯವರ ಸಮಿತಿಯು ಭಾರತಕ್ಕೆ ಅತ್ಯಗತ್ಯವಾದ ಔಷಧಗಳು ನೂರಿಪ್ಪತ್ತಕ್ಕೂ ಕಡಿಮೆಯೆಂದು ಎಣಿಸಿತು. 1977ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮೊದಲನೆಯ ಪಟ್ಟಿಯಲ್ಲಿ ಸುಮಾರು ಇನ್ನೂರು ಔಷಧಗಳಿದ್ದವು. ವಿಜ್ಞಾನವು ಬೆಳೆದಂತೆ ಪಟ್ಟಿಯೂ ಬೆಳೆದಿದೆ. 2022ರ ಭಾರತದ ರಾಷ್ಟ್ರೀಯ ಪಟ್ಟಿಯಲ್ಲಿ 384 ಔಷಧಗಳಿವೆ. ಅಂಗಡಿಯ ಕಪಾಟುಗಳಲ್ಲಿರುವ ವ್ಯಾಪಾರಿ ಹೆಸರುಗಳಾದರೋ ಸಾವಿರಗಟ್ಟಲೆ. ಒಂದೇ ಪ್ಯಾರಾಸಿಟಮಾಲ್ ಹತ್ತಾರು ವೇಷಗಳಲ್ಲಿ ಕುಳಿತಿರುತ್ತದೆ. ಜ್ವರದ ಗುಳಿಗೆಯೊಂದನ್ನೂ ನೆಗಡಿಯ ಗುಳಿಗೆಯೊಂದನ್ನೂ ಬೇರೆ ಬೇರೆಯೆಂದು ಭಾವಿಸಿ ನುಂಗಿದವನು, ಎರಡರಲ್ಲಿಯೂ ಪ್ಯಾರಾಸಿಟಮಾಲ್ ಇದ್ದುದರಿಂದ ಇಮ್ಮಡಿ ಪ್ರಮಾಣವನ್ನು ಸೇವಿಸಿರಬಹುದು. ವಯಸ್ಕರಿಗೆ ದಿನಕ್ಕೆ ನಾಲ್ಕು ಗ್ರಾಂ ಮೀರಿದರೆ ಯಕೃತ್ತಿಗೆ ಗಂಡಾಂತರ.

ಹಲವು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಬೆರೆಸುವುದು ಕೆಲವೊಮ್ಮೆ ಉಚಿತ. ಕ್ಷಯದ ಸಂಯುಕ್ತ ಗುಳಿಗೆಗಳೂ, ಗರ್ಭಿಣಿಯರಿಗೆ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆಯೂ ಉತ್ತಮ ಉದಾಹರಣೆಗಳು. ಆದರೆ ಮಾರಾಟದ ಆಸೆಯಿಂದ ಹುಟ್ಟಿದ ಮಿಶ್ರಣಗಳೇ ಅಧಿಕ. 2016ರ ಮಾರ್ಚಿನಲ್ಲಿ ಕೇಂದ್ರ ಸರಕಾರವು ಇಂತಹ 344 ಮಿಶ್ರಣಗಳನ್ನು ನಿಷೇಧಿಸಿತು. ತಯಾರಕರು ನ್ಯಾಯಾಲಯಕ್ಕೆ ಹೋದರು. ಮರುಪರಿಶೀಲನೆಯಾದ ಮೇಲೆ 2018ರ ಸೆಪ್ಟೆಂಬರಿನಲ್ಲಿ 328 ಮಿಶ್ರಣಗಳು ನಿಷಿದ್ಧವಾದವು. 2024ರ ಆಗಸ್ಟಿನಲ್ಲಿ ಇನ್ನೂ 156. ಇವೆಲ್ಲ ಅದುವರೆಗೆ ರಾಜಾರೋಷವಾಗಿ ಮಾರಾಟವಾಗುತ್ತಿದ್ದಂಥವು ಎಂಬುದನ್ನು ಮರೆಯಬಾರದು.

ಬೇಡವಾದ ಮದ್ದಿನಿಂದ ಲಾಭವಿಲ್ಲದಿದ್ದರೂ ನಷ್ಟವೇನೆಂದು ಕೇಳುವವರುಂಟು. 2025ರ ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷವು ಬೆರೆತ ಕೆಮ್ಮಿನ ಸಿರಪ್ಪನ್ನು ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೃತರಾದರು. ವಿಷವನ್ನು ಬೆರೆಯಗೊಟ್ಟವರ ಅಪರಾಧವು ಒಂದು ಕಡೆಗಿರಲಿ. ಎಳೆಯ ಮಕ್ಕಳ ಕೆಮ್ಮು ಬಹುಪಾಲು ಔಷಧವಿಲ್ಲದೆಯೇ ಶಮನವಾಗುತ್ತದೆಂದೂ, ಎರಡು ವರ್ಷದೊಳಗಿನ ಮಕ್ಕಳಿಗೆ ಇಂತಹ ಸಿರಪ್ಪುಗಳನ್ನು ಕೊಡಲೇಬಾರದೆಂದೂ, ಐದು ವರ್ಷದವರೆಗೆ ಸಾಮಾನ್ಯವಾಗಿ ಅವು ತಕ್ಕವಲ್ಲವೆಂದೂ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಆ ಸಮಯದಲ್ಲಿ ಎಚ್ಚರಿಸಿತು. ಅವಶ್ಯವಲ್ಲದ ಔಷಧದಲ್ಲಿ ಅಪಾಯವೊಂದೇ ಉಳಿಯುತ್ತದೆ. ಅದನ್ನು ಸರಿದೂಗಿಸುವ ಪ್ರಯೋಜನವು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇರುವುದೇ ಇಲ್ಲ.

ಬಡ ದೇಶವೊಂದು ಮನಸ್ಸು ಮಾಡಿದರೆ ಏನಾದೀತೆಂಬುದಕ್ಕೆ ನೆರೆಯ ಬಾಂಗ್ಲಾದೇಶವೇ ಸಾಕ್ಷಿ. 1982ರಲ್ಲಿ ಡಾ. ಜಫ್ರುಲ್ಲಾ ಚೌಧುರಿಯವರಂಥವರ ಪ್ರಯತ್ನದಿಂದ ಅದು ರಾಷ್ಟ್ರೀಯ ಔಷಧ ನೀತಿಯನ್ನು ಜಾರಿಗೆ ತಂದು, ನಿಷ್ಪ್ರಯೋಜಕ ಅಥವಾ ಅಪಾಯಕರವೆನಿಸಿದ ಸುಮಾರು 1700 ಔಷಧಗಳನ್ನು ಪೇಟೆಯಿಂದ ತೆಗೆಯಲು ಹೊರಟಿತು. ಬಲಿಷ್ಠ ರಾಷ್ಟ್ರಗಳ ಒತ್ತಡವು ಬಂದರೂ ನೀತಿಯು ನಿಂತಿತು. ದೇಶೀಯ ತಯಾರಿಕೆಯು ಬೆಳೆಯಿತು.

ತಪ್ಪು ಯಾರದು?

ಇಷ್ಟನ್ನೆಲ್ಲ ಓದಿದ ಮೇಲೆ ‘ಜನರ ಅಜ್ಞಾನವೇ ಇದಕ್ಕೆ ಕಾರಣ’ ಎಂದು ನಿಟ್ಟುಸಿರು ಬಿಡುವುದು ಸುಲಭ. ನಾವು ಇದನ್ನು ಒಪ್ಪುವುದಿಲ್ಲ. ಆ ತಂದೆಯ ಸ್ಥಾನದಲ್ಲಿ ನಿಂತು ನೋಡೋಣ. ತೊಗರಿಯ ಹೊಲದಲ್ಲಿ ಕೆಲಸವಿರುವುದು ವರ್ಷದ ಕೆಲವೇ ದಿನ. ಮನೆಯಲ್ಲಿ ರೋಗಿಯಿದ್ದ ಪ್ರತಿದಿನವೂ ಒಂದು ಕೂಲಿಯು ಹೋಗುತ್ತದೆ. ‘ಇದು ವೈರಸ್ ಜ್ವರ, ನೀರನ್ನು ಕುಡಿಸಿ ನಾಲ್ಕು ದಿನ ಕಾಯಿರಿ, ಈ ಲಕ್ಷಣಗಳು ಕಂಡರೆ ಮತ್ತೆ ಬನ್ನಿರಿ’ ಎಂಬ ಸಲಹೆಯು ವೈಜ್ಞಾನಿಕವಾಗಿ ಎಷ್ಟೇ ಸರಿಯಾಗಿದ್ದರೂ, ಮತ್ತೆ ಬರುವುದಕ್ಕೆ ಬಸ್ಸಿನ ಚಾರ್ಜು ಬೇಕು, ಇನ್ನೊಂದು ದಿನದ ಬಿಡುವು ಬೇಕು. ಹೀಗಿರುವಾಗ, ಒಂದೇ ದಿನದಲ್ಲಿ ಏನಾದರೂ ಮಾಡಿ ಕಳುಹಿಸುವವರ ಬಳಿಗೆ ಅವರು ಹೋದುದು ಅವಿವೇಕವಲ್ಲ; ಅವರ ಪರಿಸ್ಥಿತಿಯಲ್ಲಿ ಅದೇ ಅವರ ಲೆಕ್ಕ. ಸೂಜಿಯನ್ನು ಮಾಡದ ವೈದ್ಯರನ್ನು ಬಿಟ್ಟು ಮಾಡುವವರ ಕಡೆಗೆ ಜನರು ಹೋಗುವರೆಂಬ ಭಯವು ವೈದ್ಯರಿಗೂ ಉಂಟು. ಹೊಸ ಹೆಸರುಗಳನ್ನು ಹೊತ್ತು ಬರುವ ಮಾರಾಟ ಪ್ರತಿನಿಧಿಗಳಿಗೆ ತಮ್ಮ ಗುರಿಯನ್ನು ಮುಟ್ಟಬೇಕಾದ ಚಿಂತೆಯುಂಟು. ಪ್ರತಿಯೊಬ್ಬನೂ ತನ್ನ ಮಟ್ಟಿಗೆ ಲೆಕ್ಕ ತಪ್ಪದಿದ್ದರೂ ಒಟ್ಟು ಲೆಕ್ಕವು ತಪ್ಪುತ್ತಿದೆ.

ಕಾನೂನು ಇಲ್ಲವೆನ್ನುವಂತಿಲ್ಲ. 2014ರ ಮಾರ್ಚಿನಿಂದ ‘ಎಚ್-1’ ಎಂಬ ಅನುಸೂಚಿಯು ಜಾರಿಗೆ ಬಂದು, ಮುಖ್ಯವಾದ 46 ಔಷಧಗಳನ್ನು ಚೀಟಿಯಿಲ್ಲದೆ ಮಾರದಂತೆಯೂ, ಮಾರಿದುದನ್ನು ಪ್ರತ್ಯೇಕ ದಫ್ತರದಲ್ಲಿ ಬರೆದಿಡುವಂತೆಯೂ ವಿಧಿಸಿತು. ಚೀಟಿಯಿಲ್ಲದೆ ಕೊಳ್ಳಬಾರದ ಮದ್ದಿನ ಪಟ್ಟಿಯ ಮೇಲಿರುವ ಕೆಂಪು ಗೆರೆಯನ್ನು ಜನರಿಗೆ ಪರಿಚಯಿಸಲು 2016ರಲ್ಲಿ ಸರಕಾರವು ಪ್ರಚಾರವನ್ನೂ ಕೈಕೊಂಡಿತು. ಆದರೆ ಇಲ್ಲಿ ಒಂದು ಗಂಭೀರವಾದ ಆಕ್ಷೇಪವಿದೆ. ವೈದ್ಯರೇ ಇಲ್ಲದ ಹಳ್ಳಿಯಲ್ಲಿ ಅಂಗಡಿಯ ಬಾಗಿಲನ್ನು ಬಿಗಿಮಾಡಿದರೆ, ನ್ಯುಮೋನಿಯಾ ತಗಲಿದ ಮಗುವಿಗೆ ಅವಶ್ಯವಾದ ಗುಳಿಗೆಯೂ ಸಿಕ್ಕದೆ ಹೋದೀತು. ಈ ಆಕ್ಷೇಪವು ನ್ಯಾಯವಾದುದೆಂದೇ ನಮ್ಮ ಮತ. ದವಾಖಾನೆಯ ಬಾಗಿಲನ್ನು ತೆರೆಯದೆ ಅಂಗಡಿಗೆ ಬೀಗವನ್ನು ಹಾಕುವುದು ಬಡವನಿಗೆ ಅನ್ಯಾಯ. ಎರಡೂ ಒಟ್ಟಿಗೆ ಆಗಬೇಕು.

ಆದುದರಿಂದ ನಮ್ಮ ಬೇಡಿಕೆಗಳು ಮೂರು. ಮೊದಲನೆಯದು, ಅತ್ಯಗತ್ಯ ಔಷಧಗಳು ಸರಕಾರಿ ದವಾಖಾನೆಗಳಲ್ಲಿ ವರ್ಷವಿಡೀ ಉಚಿತವಾಗಿ ದೊರೆಯಬೇಕು. ಹೊಲದ ಕೆಲಸವನ್ನು ಮುಗಿಸಿ ಬರುವವರಿಗಾಗಿ ಸಂಜೆಯ ಹೊತ್ತಿನಲ್ಲಿಯೂ ಅವು ತೆರೆದಿರಬೇಕು. ಎರಡನೆಯದು, ಹೆಸರಿಲ್ಲದ ಒಂದು ಗುಳಿಗೆಯೂ ರೋಗಿಯ ಕೈಗೆ ಹೋಗಕೂಡದು. ಔಷಧದ ಮೂಲ ಹೆಸರು, ಪ್ರಮಾಣ, ಕಾಲ ಇವು ಕನ್ನಡದಲ್ಲಿರಬೇಕು. ಸರಕಾರಿ ವೈದ್ಯರು ಔಷಧದ ಚೀಟಿಗಳನ್ನು ಕನ್ನಡದಲ್ಲಿ ಬರೆಯುವಂತಾಗಬೇಕೆಂದು 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಡಾ. ಪುರುಷೋತ್ತಮ ಬಿಳಿಮಲೆಯವರು ಸರಕಾರವನ್ನು ಕೋರಿದಾಗ ಕೆಲವರು ಅದನ್ನು ಬರಿಯ ಭಾಷಾಭಿಮಾನವೆಂದು ಭಾವಿಸಿದರು. ನಮಗೆ ಅದು ಆರೋಗ್ಯದ ಪ್ರಶ್ನೆಯಾಗಿಯೇ ಕಾಣುತ್ತದೆ. ಮೂರನೆಯದು, ಪ್ರೌಢಶಾಲೆಯ ವಿಜ್ಞಾನದ ಪಾಠಗಳಲ್ಲಿ ಔಷಧದ ಪಟ್ಟಿಯನ್ನು ಓದುವುದನ್ನು ಕಲಿಸಬೇಕು. ಅಮ್ಲಕ್ಷಾರಗಳನ್ನು ಕಲಿಯುವ ವಿದ್ಯಾರ್ಥಿಗೆ ಇದು ಕಷ್ಟವಾಗಲಾರದು.

ಈ ದಾರಿಯಲ್ಲಿ ನಮ್ಮ ನಾಡಿನವರೇ ನಡೆದಿದ್ದಾರೆ. ಧಾರವಾಡದಲ್ಲಿ ನೆಲೆಸಿರುವ ‘ಡ್ರಗ್ ಆ್ಯಕ್ಷನ್ ಫೋರಂ – ಕರ್ನಾಟಕ’ ಎಂಬ ಸಂಘಟನೆಯು, ಡಾ. ಗೋಪಾಲ ದಾಬಡೆಯವರು ಮೊದಲಾದ ವೈದ್ಯರ ಮುಂದಾಳುತನದಲ್ಲಿ, ಔಷಧಗಳ ವಿವೇಕಯುತ ಬಳಕೆಗಾಗಿ ದಶಕಗಳಿಂದ ದುಡಿಯುತ್ತ, ಈ ಅರಿವನ್ನು ಕನ್ನಡದಲ್ಲಿ ಜನರಿಗೆ ಮುಟ್ಟಿಸುತ್ತ ಬಂದಿದೆ. ವೈದ್ಯರೇ ಎದ್ದು ‘ನಮ್ಮನ್ನು ಪ್ರಶ್ನಿಸಿರಿ’ ಎಂದು ಜನರಿಗೆ ಹೇಳುವುದು ಸಾಮಾನ್ಯವಾದ ಮಾತಲ್ಲ.

ತರುಣ ವಾಚಕರಿಗೆ

ಹಾಗಾದರೆ ಏನನ್ನು ಪ್ರಶ್ನಿಸಬೇಕು? ಮನೆಗೆ ಔಷಧವು ಬಂದಾಗಲೆಲ್ಲ ಐದು ಮಾತುಗಳನ್ನು ವಿನಯದಿಂದ, ಆದರೆ ಬಿಡದೆ ಕೇಳತಕ್ಕದ್ದು. ಇದರ ಹೆಸರೇನು? ಇದು ಯಾತಕ್ಕಾಗಿ? ಎಷ್ಟು ಹೊತ್ತಿಗೊಮ್ಮೆ, ಎಷ್ಟು ದಿನ? ಇದರಿಂದ ಯಾವ ತೊಂದರೆ ಬಂದೀತು, ಬಂದರೆ ಏನು ಮಾಡಬೇಕು? ಇದನ್ನು ತೆಗೆದುಕೊಳ್ಳದಿದ್ದರೆ ಏನಾಗುತ್ತದೆ? ಕಡೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಆದರೆ ಒಂದು ಎಚ್ಚರಿಕೆ: ಈ ಲೇಖನವನ್ನು ಓದಿ ಯಾರೂ ತಾವು ತೆಗೆದುಕೊಳ್ಳುತ್ತಿರುವ ರಕ್ತದೊತ್ತಡದ, ಸಕ್ಕರೆ ಕಾಯಿಲೆಯ ಅಥವಾ ಕ್ಷಯದ ಔಷಧವನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಬೇಕಾದುದನ್ನು ಬಿಡುವುದೂ ಬೇಡವಾದುದನ್ನು ನುಂಗುವುದೂ ಒಂದೇ ತಪ್ಪಿನ ಎರಡು ರೂಪಗಳು.

ಆ ವಿದ್ಯಾರ್ಥಿಯು ಮರುದಿನ ತರಗತಿಗೆ ಬಂದನು. ಉಳಿದ ಗುಳಿಗೆಗಳನ್ನು ತಂಗಿಗೆ ಕೊಡಬಾರದೆಂದು ಅವನಿಗೆ ತಿಳಿಸಿ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವು ಯಾವ ಗುಳಿಗಿ ಅಂತ ಕೇಳಾಕ ನಾನ ಹೋಗ್ಲೇನ್ರಿ ಸರ?” ಎಂದನು. ಹೋಗಿ ಕೇಳಿದನು. ನಾಲ್ಕರಲ್ಲಿ ಎರಡರ ಹೆಸರುಗಳು ಮಾತ್ರ ದೊರೆತವು. ಉಳಿದ ಎರಡರ ಹೆಸರನ್ನು ಕೊಟ್ಟವರೂ ಹೇಳಲಿಲ್ಲ. ಕೇಳುವವನು ಒಬ್ಬನಾದರೆ ಹಾಗೆಯೇ ಆಗುವುದು. ಮನಗೂಳಿಯಿಂದ ಮುದ್ದೇಬಿಹಾಳದವರೆಗೆ, ಇಂಡಿಯಿಂದ ಸಿಂದಗಿಯವರೆಗೆ ಪ್ರತಿಯೊಂದು ಮನೆಯಿಂದಲೂ ಓದುಬಲ್ಲ ಹುಡುಗನೋ ಹುಡುಗಿಯೋ ಒಬ್ಬರು ಎದ್ದು ಅದೇ ಪ್ರಶ್ನೆಯನ್ನು ಕೇಳಿದರೆ, ಹೆಸರಿಲ್ಲದ ಗುಳಿಗೆಗಳನ್ನು ಕೊಡುವುದು ಯಾರಿಗೂ ಸುಲಭವಾಗಿ ಉಳಿಯಲಾರದು.